ತುರ್ತು ಕರೆ ತೆಗೆಯುವವರಿಗೆ ಕೆಲಸಕ್ಕೆ ತಕ್ಕ ಸಂಬಳ ಇದೆಯಾ?

ಪ್ರಶ್ನೆ: ತಮ್ಮನಿಗೆ 108 ಕರೆ ಕೇಂದ್ರದಲ್ಲಿ ಕೆಲಸ ಸಿಗುವ ಹಾಗಿದೆ. ಸಂಬಳ ಕೇಳಿ ಅಪ್ಪ, "ಅದರ ಬದಲು ಯಾವುದಾದರೂ ಬಿಪಿಒ ಸೇರಲಿ" ಅಂತಿದ್ದಾರೆ. ಒಳಗೆ ಕೆಲಸ ಮಾಡಿದವರು ಹೇಳ್ತೀರಾ?

ಉತ್ತರ (ಮಾಜಿ ಕರೆ ಸಿಬ್ಬಂದಿ): ತಕ್ಕ ಸಂಬಳ ಅಂತೂ ಇಲ್ಲ. ನಮ್ಮ ಪಾಳಿಯಲ್ಲಿ ಹೆಚ್ಚಿನವರು ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಸಂಬಳದ ಮಿತಿಯೊಳಗೇ ಇದ್ದೆವು. ಅಂದರೆ ತಿಂಗಳಿಗೆ 21,000 ರೂಪಾಯಿ ಒಳಗೆ. ಪಿಎಫ್ ಹಿಡಿದ ಮೇಲೆ ಕೈಗೆ ಇನ್ನೂ ಕಡಿಮೆ. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರಲ್ಲಿ. ಸೇವೆ ಸರ್ಕಾರದ್ದು, ನಮ್ಮ ಕೆಲಸ ಮಾತ್ರ ಗುತ್ತಿಗೆಯದಾಗಿತ್ತು. ಹಾಗಾಗಿ ಬರೀ ಕರೆಗೆ ಉತ್ತರ ಕೊಡುವ ಕೆಲಸ ಅಂತಲೇ ಲೆಕ್ಕ ಹಾಕುತ್ತಿದ್ದರು.

ಆದರೆ ಬಿಪಿಒದಲ್ಲಿ ಬಿಲ್ ತಪ್ಪಾದರೆ ನಾಳೆ ಸರಿ ಮಾಡಬಹುದು. ಇಲ್ಲಿ ಹೆರಿಗೆ ನೋವಿನವರ ಮನೆಯಿಂದ ಕರೆ ಬರುತ್ತದೆ, ಊರು "ಹೊಸಹಳ್ಳಿ" ಅನ್ನುತ್ತಾರೆ. ಯಾವ ಹೊಸಹಳ್ಳಿ? ಈ ರಾಜ್ಯದಲ್ಲಿ ಎಷ್ಟು ಹೊಸಹಳ್ಳಿ ಇವೆ! ಅತ್ತ ಅಳು, ಇತ್ತ ನಾವು ತಾಲ್ಲೂಕು, ಹೋಬಳಿ, ಹತ್ತಿರದ ಶಾಲೆ ಕೇಳಬೇಕು. "ಇಷ್ಟೆಲ್ಲಾ ಯಾಕ್ರೀ, ಗಾಡಿ ಕಳಿಸ್ರೀ" ಅಂತ ಬೈಗುಳ. ಕಲಬುರಗಿ ಮಾತೂ ಗೊತ್ತಾಗಬೇಕು, ಉರ್ದುವೂ ಸ್ವಲ್ಪ ಬೇಕು. ನಡುವೆ ಮಕ್ಕಳು ಸುಮ್ನೆ ಒತ್ತಿದ ಕರೆಗಳು. ಎಲ್ಲ ರೆಕಾರ್ಡ್ ಆಗುತ್ತದೆ. ಗಾಡಿ ತಡವಾದರೆ ಮೊದಲು ಕೇಳಿಸುವುದು ನಮ್ಮ ಧ್ವನಿ. ಗಾಡಿ ಖಾಲಿ ಇರಲಿಲ್ಲ ಅನ್ನೋದು ಆಮೇಲಿನ ಮಾತು.

ಪ್ರಶ್ನೆ: ಅಮೆರಿಕದ ತುರ್ತು ಕರೆ ಸಂಖ್ಯೆ 911ರವರಿಗೆ ಚೆನ್ನಾಗಿ ಕೊಡ್ತಾರೆ ಅಲ್ವಾ ಅಕ್ಕ?

ಉತ್ತರ: ನಮಗಿಂತ ಜಾಸ್ತಿ, ನಿಜ. ಆದರೂ ಅಲ್ಲೂ ಅದೇ ತಕರಾರು. ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ 2023ರ ಮೇ ತಿಂಗಳಿಗೆ ಅವರ ಮಧ್ಯಮ ಸಂಬಳ (ಅರ್ಧ ಜನಕ್ಕೆ ಇದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ) ವರ್ಷಕ್ಕೆ 48,890 ಡಾಲರ್. ಪೊಲೀಸರದ್ದು 74,910. ಅಲ್ಲಿನ ಕೇಂದ್ರ ಸರ್ಕಾರದ ಉದ್ಯೋಗ ಪಟ್ಟಿ 911ರವರನ್ನು ಕಚೇರಿ ಗುಮಾಸ್ತರ ಸಾಲಿಗೆ ಸೇರಿಸಿದೆ. ಪೊಲೀಸ್, ಅಗ್ನಿಶಾಮಕದವರ ಸಾಲಿಗೆ ಸೇರಿಸಿ ಅಂತ ಅವರು ವರ್ಷಗಳಿಂದ ಕೇಳುತ್ತಿದ್ದಾರೆ.

ಪ್ರಶ್ನೆ: ಹಾಗಾದರೆ ಸೇರಬೇಡ ಅನ್ನಲಾ?

ಉತ್ತರ: ಹಾಗಲ್ಲ. ಆ ಕೆಲಸ ನನಗೆ ಇಷ್ಟವೇ ಇತ್ತು. ಸೇರುವ ಮುಂಚೆ ನೇಮಕದ ಪತ್ರ ಯಾರು ಕೊಡುತ್ತಾರೆ, ಸಂಬಳ ಎಷ್ಟನೇ ತಾರೀಖು ಅಂತ ಬರಹದಲ್ಲಿ ತೆಗೆದುಕೊಳ್ಳಲಿ. ಬಾಯಿಮಾತು ನಂಬಬೇಡಿ. ರಾತ್ರಿ ಪಾಳಿಗೆ ಗಾಡಿ ಇದೆಯಾ ಕೇಳಲಿ. ಇಲ್ಲದಿದ್ದರೆ ಆಟೋಗೇ ಅರ್ಧ ಸಂಬಳ ಹೋಗುತ್ತದೆ.