ಸಹಾಯ ಬೇಕು: ಆಲ್ಪ್ ದ್ಯುಯೆಜ್ ಏರುವಷ್ಟು ಶಕ್ತಿ ಉಳಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಪ್ಲೇಸ್ಟೇಷನ್‌ನಲ್ಲಿ ಟೂರ್ ದ ಫ್ರಾನ್ಸ್ (ಫ್ರಾನ್ಸ್‌ನ ದೊಡ್ಡ ಸೈಕಲ್ ರೇಸ್) ಗೇಮ್ ಆಡುವವರು ಯಾರಾದರೂ ಇದ್ದೀರಾ?

ನಾನು ಸಿಕ್ಕಿಹಾಕಿಕೊಂಡಿರೋದು 2022ರ ಟೂರ್‌ನ 12ನೇ ಸ್ಟೇಜ್‌ನಲ್ಲಿ. ಬ್ರಿಯಾನ್ಸೋನ್‌ನಿಂದ ಆಲ್ಪ್ ದ್ಯುಯೆಜ್‌ಗೆ 165 ಕಿ.ಮೀ., ದಾರಿಯಲ್ಲಿ ಮೂರು ದೊಡ್ಡ ಬೆಟ್ಟದ ಏರು. ಮೊದಲು 2,642 ಮೀಟರ್ ಎತ್ತರದ ಗಾಲಿಬಿಯೆ, ಆಮೇಲೆ ಕ್ರುವಾ ದ ಫೇರ್‌ನ 29 ಕಿ.ಮೀ. ಏರು, ಕೊನೆಗೆ 13.8 ಕಿ.ಮೀ. ಆಲ್ಪ್ ದ್ಯುಯೆಜ್, ಸರಾಸರಿ 8.1% ಕಡಿದು.

ತಂಡದವರ ಹಿಂದೆಯೇ ಗಾಳಿ ತಪ್ಪಿಸಿಕೊಂಡು ಹೋಗ್ತೀನಿ, ಸುಮ್ನೆ ಅಟ್ಯಾಕ್ ಮಾಡಲ್ಲ (ಅಂದ್ರೆ ಏಕಾಏಕಿ ವೇಗ ಹೆಚ್ಚಿಸಿ ಮುಂದೆ ನುಗ್ಗಲ್ಲ). ಅಟ್ಯಾಕ್‌ಗೆ ಬೇಕಾದ ಶಕ್ತಿ ತೋರಿಸುವ ಕೆಂಪು ಪಟ್ಟಿ ತುಂಬಿಯೇ ಇರುತ್ತೆ. ಆದರೆ ಕ್ರುವಾ ದ ಫೇರ್ ತುದಿ ಮುಟ್ಟುವಷ್ಟರಲ್ಲಿ ಒಟ್ಟು ದಮ್ಮು ತೋರಿಸುವ ನೀಲಿ ಪಟ್ಟಿ ಅರ್ಧಕ್ಕಿಂತ ಕೆಳಗೆ. ಆಲ್ಪ್‌ನ 21 ತಿರುವುಗಳಲ್ಲಿ ಮೊದಲ ಕೆಲವೇ ಅತಿ ಕಡಿದು. ಅಲ್ಲಿ ಮುಂದಿನವರ ಚಕ್ರದ ಹಿಂದೆಯೇ ಅಂಟಿಕೊಂಡು ಹೋದರೆ ಕೆಂಪೂ ಖಾಲಿ, ಬಿಟ್ಟರೆ ಗುಂಪೇ ಕೈತಪ್ಪುತ್ತೆ.

ನೀಲಿ ಪಟ್ಟಿ ತುಂಬಿಸುವ ಜೆಲ್ ಕ್ರುವಾ ದ ಫೇರ್ ಮೇಲೆ ಕೊಡಬೇಕಾ, ಆಲ್ಪ್ ಬುಡದಲ್ಲಾ? ಏರಿನಲ್ಲಿ ಗುಂಪನ್ನು ಬಿಟ್ಟು ಒಂದೇ ಹದದ ವೇಗದಲ್ಲಿ ಹೋದರೆ ಕೊನೆಗೆ ಲಾಭ ಜಾಸ್ತಿ ಅಲ್ವಾ? ನಿಜವಾದ ರೇಸ್‌ನಲ್ಲಿ ಟಾಮ್ ಪಿಡ್‌ಕಾಕ್ ಗಾಲಿಬಿಯೆ ಇಳಿಜಾರಿನಲ್ಲೇ ಮುಂದೆ ನುಗ್ಗಿ ಸ್ಟೇಜ್ ಗೆದ್ದರು. ಎಂಥಾ ಇಳಿತ ಅದು! ಗೇಮ್‌ನಲ್ಲೂ ಆ ದಾರಿ ಹಿಡಿಯಬಹುದಾ, ಇಲ್ಲ ಇಳಿಜಾರನ್ನು ಸುಧಾರಿಸಿಕೊಳ್ಳೋಕೆ ಇಟ್ಟುಕೊಳ್ಳಬೇಕಾ?

ಕ್ಲೈಂಬರ್‌ನನ್ನು (ಬೆಟ್ಟ ಏರೋದ್ರಲ್ಲಿ ಪಳಗಿದ ಸವಾರ) ಇಟ್ಟುಕೊಂಡು ಇದನ್ನು ಗೆದ್ದವರು, ಎಲ್ಲೆಲ್ಲಿ ಎಷ್ಟು ಜೋರು ಕೊಟ್ಟಿರಿ ಅಂತ ದಯವಿಟ್ಟು ಬಿಡಿಸಿ ಹೇಳಿ.