ಹಾವು ಕಚ್ಚಿದರೆ ಎರಡು ಹನಿ ಸಾಕು ಎಂದು ಅಪ್ಪ ನಂಬಿದ್ದಾರೆ. ಸರಿಯಾದ ಮಾಹಿತಿ ಎಲ್ಲಿ ಸಿಗುತ್ತದೆ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮೂರು ಎಕರೆ ಅಡಿಕೆ ತೋಟ, ಮನೆಗೆ ತಾಗಿಕೊಂಡೇ ಕೊಟ್ಟಿಗೆ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ.

ಕಳೆದ ಭಾನುವಾರ ಗೋಡೆಯ ಗೂಡಿನಲ್ಲಿ ಒಂದು ಸಣ್ಣ ಬಾಟಲಿ ಕಂಡಿತು. ಮೇಲೆ 'ನಾಜಾ 200' ಎಂದು ಬರೆದಿತ್ತು. ಏನಪ್ಪಾ ಇದು ಎಂದು ಕೇಳಿದೆ. ಅಪ್ಪ ವಾಟ್ಸಾಪ್‌ನಲ್ಲಿ ಬಂದ ಒಂದು ಸಂದೇಶ ತೋರಿಸಿದರು. ಯಾವ ಹಾವೇ ಕಚ್ಚಲಿ, ಈ ಹೋಮಿಯೋಪತಿ ಔಷಧಿಯನ್ನು ಹತ್ತು ನಿಮಿಷಕ್ಕೊಮ್ಮೆ ಮೂರು ಸಲ ನಾಲಿಗೆಗೆ ಹಾಕಿದರೆ ಜೀವ ಉಳಿಯುತ್ತದಂತೆ. ಆಸ್ಪತ್ರೆಯ ಇಂಜೆಕ್ಷನ್ನಿಗೆ ಸಾವಿರಾರು ರೂಪಾಯಿ, ಇದಕ್ಕೆ ಹತ್ತೇ ರೂಪಾಯಿ, ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ ಎಂದು ಕೊನೆಯಲ್ಲಿತ್ತು. ಅಪ್ಪ ಅದನ್ನು ತೋಟದ ಕೆಲಸಕ್ಕೆ ಬರುವವರಿಗೆಲ್ಲ ಹೇಳಿಟ್ಟಿದ್ದಾರೆ. "ಏನಾದರೂ ಆದರೆ ಮೊದಲು ಇಲ್ಲಿಗೆ ಬನ್ನಿ" ಎಂದಿದ್ದಾರೆ. ನನಗೆ ಭಯವಾಗಿದ್ದು ಆ ಮಾತಿಗೆ.

ಇದು ಸರಿಯಿಲ್ಲ ಎಂದರೆ ಅಪ್ಪ ಒಂದು ಹಳೆಯ ಕಥೆ ತೆಗೆಯುತ್ತಾರೆ. ನಾಲ್ಕು ವರ್ಷದ ಹಿಂದೆ ನಮ್ಮ ಕೊನೆಗಾರರಿಗೆ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರಿಗೆ, ಹಾವು ಕಚ್ಚಿತ್ತು. ಪಕ್ಕದ ಊರಿನ ಪಂಡಿತರು ಗಾಯದ ಮೇಲೆ ಕಪ್ಪು ಕಲ್ಲು ಇಟ್ಟರು. ಕಲ್ಲು ಗಟ್ಟಿಯಾಗಿ ಅಂಟಿಕೊಂಡಿತು, ಸ್ವಲ್ಪ ಹೊತ್ತಿಗೆ ತಾನಾಗಿ ಬಿದ್ದಿತು. ಅವರು ಮೂರನೇ ದಿನ ಮರ ಹತ್ತಿದರು. ಇದನ್ನು ನಾನೂ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಗೂಗಲ್‌ನಲ್ಲಿ 'ಹಾವು ಕಚ್ಚಿದರೆ ಮದ್ದು' ಎಂದು ಕನ್ನಡದಲ್ಲೇ ಹುಡುಕಿದೆ. ಬಂದಿದ್ದೆಲ್ಲ ಬೇರು, ಸೊಪ್ಪು, ಮಂತ್ರ, ಮತ್ತೆ ಇದೇ ಹನಿ. ಇದರಲ್ಲಿ ಸತ್ಯ ಎಷ್ಟು? ನಂಬುವಂಥದ್ದನ್ನು ಎಲ್ಲಿ ಓದಬೇಕು? ಅಪ್ಪನಿಗೆ ಬೇಜಾರಾಗದ ಹಾಗೆ ಹೇಗೆ ಹೇಳಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಮೇಷ್ಟ್ರು:

ಹಾವಿನ ವಿಷಯವನ್ನು ಗೊತ್ತಿರುವವರು ಹೇಳುತ್ತಾರೆ. ನಾನು ಹುಡುಕುವುದರ ಬಗ್ಗೆ ಮಾತ್ರ ಹೇಳುತ್ತೇನೆ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ್ದೇನೆ.

'ಮದ್ದು' ಎಂದು ಹುಡುಕಿದರೆ ಮದ್ದು ಇದೆ ಎನ್ನುವವರೇ ಸಿಗುತ್ತಾರೆ. ಅದರ ಬದಲು 'ನಾಜಾ 200 ಫ್ಯಾಕ್ಟ್ ಚೆಕ್' ಎಂದು ಹಾಕಿ ನೋಡಿ. ನ್ಯೂಸ್‌ಚೆಕರ್‌ನಂಥವರು ಕನ್ನಡದಲ್ಲೂ ಬರೆಯುತ್ತಾರೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಅವರು ಯಾವ ವೈದ್ಯರನ್ನು, ಯಾವ ದಾಖಲೆಯನ್ನು ಕೇಳಿ ಬರೆದಿದ್ದಾರೆ ನೋಡಿ, ಆ ದಾಖಲೆಯನ್ನೇ ತೆರೆಯಿರಿ. ವಿಕಿಪೀಡಿಯವನ್ನೂ ಹೀಗೆಯೇ ಬಳಸಿ. ಮೊದಲು ಪುಟದ ಕೆಳಗೆ ಹೋಗಿ, ಅಲ್ಲಿರುವ ಮೂಲಗಳಿಂದ ಶುರು ಮಾಡಿ.

ಒಂದು ಹಳೆಯ ವಿಷಯ ನೆನಪಾಯಿತು. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದ್ದರು. ಅವರ ದಾರಿ ಸರಳ. ಪವಾಡ ಇದೆ ಎನ್ನುವವರೇ ಎಲ್ಲರ ಎದುರು ಮಾಡಿ ತೋರಿಸಲಿ, ನಾವು ನೋಡುತ್ತೇವೆ. ನಿಮ್ಮ ಬಾಟಲಿಗೂ ಕೇಳಬೇಕಾದ್ದು ಇಷ್ಟೇ. ಯಾರು ನೋಡಿದ್ದಾರೆ, ಎಲ್ಲಿ, ಎಷ್ಟು ಜನರಲ್ಲಿ?

ಸಿಸ್ಟರ್ ಸುಮ:

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ 22 ವರ್ಷದಿಂದ ಸ್ಟಾಫ್ ನರ್ಸ್. ಮಳೆಗಾಲ ಬಂತೆಂದರೆ ನಮಗೆ ಹಾವಿನ ಕೇಸ್ ಇಲ್ಲದ ವಾರ ಇರುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ಹನಿ ನಂಬಿ ತಡವಾಗಿ ಬಂದವರನ್ನು ನಾನು ನೋಡಿದ್ದೇನೆ.

ಮೊದಲು ಬಾಟಲಿ. ನಾಜಾ ಎಂದರೆ ನಾಗರಹಾವು. ಔಷಧಿ ಶುರುವಾಗುವುದು ನಾಗರಹಾವಿನ ವಿಷದಿಂದಲೇ. ಒಂದು ಹನಿಯನ್ನು 99 ಹನಿ ಸ್ಪಿರಿಟ್ಟಿಗೆ ಹಾಕಿ ಕುಲುಕುತ್ತಾರೆ. ಅದರಿಂದ ಒಂದು ಹನಿ ತೆಗೆದು ಮತ್ತೆ 99 ಹನಿಗೆ. ಹೀಗೆ 200 ಸಲ. ಹನ್ನೆರಡನೇ ಸಲ ದಾಟುವಷ್ಟರಲ್ಲೇ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವುದು ಅನುಮಾನ. ಇನ್ನೂರು ಸಲ ಎಂದರೆ 1ರ ಮುಂದೆ 400 ಸೊನ್ನೆ ಹಾಕಿದಷ್ಟರಲ್ಲಿ ಒಂದು ಪಾಲು. ಅಂದರೆ ಬಾಟಲಿಯಲ್ಲಿ ಇರುವುದು ಸ್ಪಿರಿಟ್ ಮಾತ್ರ. ಇದನ್ನು ಅಪ್ಪನ ಮುಂದೆಯೇ ಮಾಡಿ ತೋರಿಸಬಹುದು. ಒಂದು ಚಮಚ ಕುಂಕುಮದ ನೀರು, 99 ಚಮಚ ಬರೀ ನೀರು. ಮೂರು ನಾಲ್ಕು ಸಲಕ್ಕೇ ಬಣ್ಣ ಕಾಣುವುದಿಲ್ಲ. ಇನ್ನೂ 196 ಸಲ ಬಾಕಿ ಇರುತ್ತದೆ.

ನಾವು ಕೊಡುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷದ ಇಂಜೆಕ್ಷನ್, ಬೇರೆ. ಕುದುರೆಗೆ ವಿಷವನ್ನು ಚೂರು ಚೂರೇ ಕೊಡುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಹಿಡಿದು ಹಾಕುವ ಪ್ರತಿಕಾಯಗಳು ತಯಾರಾಗುತ್ತವೆ. ಅವನ್ನು ಬೇರೆ ಮಾಡಿ ಶುದ್ಧ ಮಾಡಿದ್ದೇ ಈ ಇಂಜೆಕ್ಷನ್. ನಮ್ಮ ದೇಶದ ಎಎಸ್‌ವಿ ನಾಲ್ಕು ಹಾವುಗಳಿಗೆ ಆಗುತ್ತದೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ವಿಷದಲ್ಲಿ ಜಾಸ್ತಿ ಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಶುರುವಾದ ಸಂಘ ಅದು. ಹಾವು ಹಿಡಿಯುವುದೇ ಕುಲಕಸುಬಾಗಿದ್ದ ಜನ ವಿಷ ತೆಗೆದುಕೊಂಡು ಹಾವನ್ನು ಕಾಡಿಗೇ ಬಿಡುತ್ತಾರೆ. ನಮ್ಮ ಹಳ್ಳಿಯವರ ಜೀವ ಅವರ ಕೈಯಲ್ಲಿದೆ ಎಂದು ನಾನು ಯಾವಾಗಲೂ ನೆನೆಯುತ್ತೇನೆ.

ಈಗ ಕೊನೆಗಾರರ ವಿಷಯ. ಅವರು ಬದುಕಿದ್ದು ನಿಜ, ನೀವು ನೋಡಿದ್ದೂ ನಿಜ. ಆದರೆ ಕಚ್ಚಿದ್ದು ಯಾವ ಹಾವು? ದೇಶದಲ್ಲಿ 300ಕ್ಕಿಂತ ಹೆಚ್ಚು ಜಾತಿಯ ಹಾವುಗಳಿವೆ. ಬಹುಪಾಲು ಹಾವುಗಳಿಂದ ಪ್ರಾಣಕ್ಕೆ ಅಪಾಯವಿಲ್ಲ. ಕೇರೆ ಕಚ್ಚಿದರೂ ರಕ್ತ ಬರುತ್ತದೆ, ಒಳ್ಳೆಹಾವು ಕಚ್ಚಿದರೂ ಬರುತ್ತದೆ. ತೋಳಹಾವಿಗೆ ಕಟ್ಟುಹಾವಿನಂಥದೇ ಪಟ್ಟೆ ಇರುತ್ತದೆ, ಕತ್ತಲಲ್ಲಿ ಯಾರು ಗುರುತಿಸುತ್ತಾರೆ? ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ನಾಗರಹಾವೇ ಕಚ್ಚಿದರೂ ಕೆಲವು ಸಲ ವಿಷ ಬಿಡುವುದಿಲ್ಲ. ನಾವು 'ಡ್ರೈ ಬೈಟ್' ಎನ್ನುತ್ತೇವೆ. ಇಂಥವರಿಗೆ ಕಲ್ಲು ಇಟ್ಟರೂ ಬದುಕುತ್ತಾರೆ, ಮಜ್ಜಿಗೆ ಕೊಟ್ಟರೂ ಬದುಕುತ್ತಾರೆ. ಹೆಸರು ಕಲ್ಲಿಗೆ ಬರುತ್ತದೆ. ಆ ಕಲ್ಲು ಸಾಮಾನ್ಯವಾಗಿ ಸುಟ್ಟ ಮೂಳೆ. ತುಂಬ ಸಣ್ಣ ತೂತುಗಳಿರುತ್ತವೆ, ಒದ್ದೆ ಗಾಯಕ್ಕೆ ಅಂಟುತ್ತದೆ, ತೇವ ಹೀರಿಕೊಂಡು ತುಂಬಿದ ಮೇಲೆ ಬೀಳುತ್ತದೆ. ವಿಷ ಅಷ್ಟರಲ್ಲಿ ಒಳಗೆ ಹೋಗಿ ಆಗಿರುತ್ತದೆ.

ಒಂದು ದಿನದ್ದು ಹೇಳುತ್ತೇನೆ. ಜುಲೈ ತಿಂಗಳು, ಸಂಜೆ ಏಳೂವರೆ. ಹುಲ್ಲು ಕೊಯ್ಯುವಾಗ ಕಚ್ಚಿತೆಂದು ಸುಮಾರು 45 ವರ್ಷದ ಹೆಂಗಸನ್ನು ಕರೆತಂದರು. ಕಚ್ಚಿದ್ದು ಮಧ್ಯಾಹ್ನ ಮೂರಕ್ಕೆ. ನಡುವಿನ ನಾಲ್ಕೂವರೆ ಗಂಟೆ ಹನಿ, ಸೊಪ್ಪಿನ ರಸ, ಮಂತ್ರ. ಕಾಲು ಮೊಣಕಾಲಿನವರೆಗೆ ಊದಿತ್ತು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ನಾವು ಒಂದು ಪರೀಕ್ಷೆ ಮಾಡುತ್ತೇವೆ, ದೊಡ್ಡ ಯಂತ್ರ ಏನೂ ಬೇಡ. ಒಣಗಿದ ಹೊಸ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುವುದು. ಆಮೇಲೆ ಒಂದು ಸಲ ಓರೆ ಮಾಡುವುದು. ರಕ್ತ ಹೆಪ್ಪುಗಟ್ಟಿರಬೇಕು. ಅವರದ್ದು ನೀರಿನ ಹಾಗೆ ಹರಿಯಿತು. ಕೊಳಕುಮಂಡಲ. ಎಎಸ್‌ವಿ ಹತ್ತು ವೈಯಲ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಕಿಡ್ನಿಗೆ ಪೆಟ್ಟು ಬಿದ್ದು ಡಯಾಲಿಸಿಸ್ ಆಯಿತು, 18 ದಿನ ಅಲ್ಲೇ ಇದ್ದರು. ಬದುಕಿದರು. ಅವರ ಮಗಳು ಆವತ್ತು ರಾತ್ರಿ "ನಾವು ಸುಮ್ನೆ ಕೂತಿರಲಿಲ್ಲ ಸಿಸ್ಟರ್, ಹತ್ತು ನಿಮಿಷಕ್ಕೊಮ್ಮೆ ಹನಿ ಹಾಕುತ್ತಲೇ ಇದ್ದೆವು" ಎಂದು ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಹನಿಯಲ್ಲಿ ವಿಷವಿಲ್ಲ, ಹಾನಿಯಿಲ್ಲ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅದು ಆ ನಾಲ್ಕೂವರೆ ಗಂಟೆಯನ್ನು ತಿಂದಿತು.

ಓದುವುದಕ್ಕೆ: ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾ ದೇಶಗಳಿಗೆಂದೇ 2016ರಲ್ಲಿ ಹಾವು ಕಡಿತದ ಮಾರ್ಗಸೂಚಿ ತಂದಿದೆ. ಇಂಗ್ಲಿಷಿನಲ್ಲಿದೆ, ದುಡ್ಡು ಕೊಡಬೇಕಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಚಿಕಿತ್ಸಾ ಮಾರ್ಗಸೂಚಿಯೂ ಇದೆ. ದೇಶದಲ್ಲಿ ಎಷ್ಟು ಜನ ಸಾಯುತ್ತಾರೆ ಎನ್ನುವುದಕ್ಕೆ 2020ರಲ್ಲಿ ಇ-ಲೈಫ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ. ವರ್ಷಕ್ಕೆ ಸರಾಸರಿ 58,000. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ 15 ವರ್ಷದೊಳಗಿನ ಮಕ್ಕಳು. ಇಂಗ್ಲಿಷ್ ಕಷ್ಟವಾದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೋ ಕೇಳಿ. ಅವರೂ ಮಾಹಿತಿಯ ಮೂಲವೇ, ಮನೆ ಬಾಗಿಲಿಗೇ ಬರುತ್ತಾರೆ.

ನಾನು ಒಂದು ಮೂಲವನ್ನು ನಂಬುವುದು ಹೇಗೆಂದರೆ, ಅದು ತನ್ನಿಂದ ಆಗದ್ದನ್ನೂ ಹೇಳುತ್ತದೆಯೇ ಎಂದು ನೋಡುತ್ತೇನೆ. ವಾಟ್ಸಾಪ್ ಸಂದೇಶ 'ಯಾವ ಹಾವೇ ಕಚ್ಚಲಿ' ಎನ್ನುತ್ತದೆ. ಮಾರ್ಗಸೂಚಿಗಳು ಹಾಗೆ ಹೇಳುವುದಿಲ್ಲ. ನಮ್ಮ ಮಲೆನಾಡಿನಲ್ಲಿ ತರಗೆಲೆಯ ನಡುವೆ ಕೂರುವ, ಮೂಗು ಮೇಲೆತ್ತಿದ ಸಣ್ಣ ಮಂಡಲ ಒಂದಿದೆ. ಅದರ ವಿಷಕ್ಕೆ ಈಗಿನ ಎಎಸ್‌ವಿ ಆಗುವುದಿಲ್ಲ ಎಂದು ವಿಜ್ಞಾನಿಗಳೇ ಬರೆದಿದ್ದಾರೆ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬೇರೆಯಾಗುತ್ತದೆ ಎಂಬುದರ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ನಡೆಯುತ್ತಿದೆ. ಕೊರತೆಯನ್ನು ತಾವೇ ಒಪ್ಪಿಕೊಂಡು ಸರಿಮಾಡಲು ಹೊರಟವರ ಮಾತಿಗೆ ನನ್ನಲ್ಲಿ ಬೆಲೆ ಜಾಸ್ತಿ.

ಮಲೆನಾಡ ಹುಡುಗಿ:

ಸಿಸ್ಟರ್, ನೀವು ಹೇಳಿದ್ದು ಅರ್ಥವಾಯಿತು. ಆದರೂ ಸ್ವಲ್ಪ ನೋವಾಯಿತು. ನಮ್ಮ ಅಜ್ಜ ಹಾವಿಗೆ ಬೇರು ಅರೆದು ಕೊಡುತ್ತಿದ್ದರು. ಒಂದು ಪೈಸೆ ತೆಗೆದುಕೊಂಡವರಲ್ಲ. ನಡುರಾತ್ರಿ ಬಾಗಿಲು ಬಡಿದರೂ ಎದ್ದು ಹೋಗುತ್ತಿದ್ದರು. ನೂರಾರು ಜನ ಬದುಕಿದ್ದಾರೆ ಎಂದು ಊರೇ ಹೇಳುತ್ತದೆ. ಅವರು ಮೋಸ ಮಾಡಿದರು ಎಂದು ಹೇಗೆ ಒಪ್ಪಲಿ?

ಸಿಸ್ಟರ್ ಸುಮ:

ಇಲ್ಲಮ್ಮ, ಮೋಸ ಎಂದು ನಾನು ಹೇಳುವುದಿಲ್ಲ. ಹತ್ತಿರ ಆಸ್ಪತ್ರೆ ಇಲ್ಲದ, ರಸ್ತೆ ಇಲ್ಲದ ಕಾಲದಲ್ಲಿ ಕರೆದ ಕೂಡಲೇ ಓಡಿ ಬರುತ್ತಿದ್ದವರು ಅಂಥವರೇ. ಆ ಧೈರ್ಯದ ಮಾತಿಗೂ ಬೆಲೆಯಿದೆ. ಗಾಬರಿಯಾದವರನ್ನು ಸಮಾಧಾನ ಮಾಡಬೇಕು ಎಂದು ಮಾರ್ಗಸೂಚಿಯಲ್ಲೂ ಮೊದಲು ಬರೆದಿದೆ.

ಲೆಕ್ಕ ಮಾತ್ರ ಬೇರೆ. ಬದುಕಿದವರು ಹಣ್ಣು ಕಾಯಿ ಹಿಡಿದು ಅಜ್ಜನ ಮನೆಗೆ ಬಂದಿರುತ್ತಾರೆ. ಸತ್ತವರ ಮನೆಯವರು ಹಣೆಬರಹ ಎಂದು ಸುಮ್ಮನಾಗಿರುತ್ತಾರೆ. ಊರಿನ ನೆನಪಿನಲ್ಲಿ ಬದುಕಿದವರಷ್ಟೇ ಉಳಿಯುತ್ತಾರೆ. ಎರಡೂ ಕಡೆ ಬರೆದಿಟ್ಟ ಪುಸ್ತಕ ಇದ್ದಿದ್ದರೆ ಅಜ್ಜನೇ ಮೊದಲು ನೋಡುತ್ತಿದ್ದರು ಎಂದು ನನ್ನ ನಂಬಿಕೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದು ಈ ಪುಸ್ತಕ ಬರೆಯುವ ಕೆಲಸವೇ.

ನಮ್ಮ ಕಡೆ ಒಬ್ಬ ಪಂಡಿತರಿದ್ದಾರೆ. ಈಗ ಯಾರೇ ಬಂದರೂ ಎರಡು ಮಾತು ಧೈರ್ಯ ಹೇಳಿ, ಅವರೇ 108ಕ್ಕೆ ಫೋನ್ ಮಾಡಿ ಜೊತೆಗೆ ಬರುತ್ತಾರೆ. ಅವರು ಬಂದರೆ ಡಾಕ್ಟರು ಎದ್ದು ನಿಂತು ಮಾತಾಡಿಸುತ್ತಾರೆ.

ತೋಟದಮನೆ:

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬ ಧನ್ಯವಾದ.

ಕುಂಕುಮದ ನೀರಿನ ಪ್ರಯೋಗ ಮಾಡಿದೆ. ಅಮ್ಮನ ಅಡುಗೆಮನೆಯ ಚಮಚ, ದೊಡ್ಡ ಪಾತ್ರೆ. ಎರಡನೇ ಸಲಕ್ಕೇ ಬಣ್ಣ ಮಸುಕಾಯಿತು. ನಾಲ್ಕನೇ ಸಲಕ್ಕೆ ಅಪ್ಪ ಪಾತ್ರೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಏನೂ ಮಾತಾಡಲಿಲ್ಲ. ನಾನೂ ಮುಂದೆ ಹೇಳಲಿಲ್ಲ. ಸಂಜೆ ಅವರೇ ಕೊನೆಗಾರರಿಗೆ ಫೋನ್ ಮಾಡಿ "ಆವತ್ತು ನಿನಗೆ ಕಚ್ಚಿದ ಹಾವು ಹೇಗಿತ್ತೋ?" ಎಂದು ಕೇಳಿದರು. ಅವರು ಹಾವನ್ನು ನೋಡಿಯೇ ಇರಲಿಲ್ಲವಂತೆ. ಹುಲ್ಲಿನಲ್ಲಿ ಬಾಲ ಮಾತ್ರ ಕಂಡಿತ್ತಂತೆ.

ಬಾಟಲಿ ಇನ್ನೂ ಗೂಡಿನಲ್ಲೇ ಇದೆ, ಬಿಸಾಡಿ ಎಂದು ನಾನು ಒತ್ತಾಯ ಮಾಡಿಲ್ಲ. ಆದರೆ ಕೊಟ್ಟಿಗೆಯ ಗೋಡೆಗೆ ಅಪ್ಪ ಸೀಮೆಸುಣ್ಣದಲ್ಲಿ 108 ಎಂದು ದೊಡ್ಡದಾಗಿ ಬರೆದಿದ್ದಾರೆ. ಎಎಸ್‌ವಿ ಯಾವ ಆಸ್ಪತ್ರೆಯಲ್ಲಿ ಸದಾ ಇರುತ್ತದೆ ಎಂದು ವಿಚಾರಿಸಿ ಅದರ ನಂಬರೂ ಬರೆದಿದ್ದಾರೆ. ಕೆಲಸದವರಿಗೆ ಈಗ ಹೇಳುವುದು ಬೇರೆ: ಕಟ್ಟಬಾರದು, ಕೊಯ್ಯಬಾರದು, ಉಂಗುರ ಕಾಲ್ಗೆಜ್ಜೆ ತೆಗೆಯಬೇಕು, ಕಾಲು ಅಲುಗಾಡದಂತೆ ಅಡಿಕೆ ದಬ್ಬೆ ಇಟ್ಟು ಬಟ್ಟೆ ಸುತ್ತಬೇಕು, ಹಾವಿನ ಹಿಂದೆ ಓಡಬಾರದು. ನಾಲ್ಕು ಜೊತೆ ಗಮ್ ಬೂಟು ತಂದೆವು.

ಸಿಸ್ಟರ್, ಒಂದು ಪ್ರಶ್ನೆ ಅಮ್ಮನದ್ದು. ಸೆಕೆಗೆ ಅವರು ಜಗಲಿಯಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಕಟ್ಟುಹಾವು ಮಲಗಿದವರಿಗೇ ಕಚ್ಚುತ್ತದಂತೆ, ನಿಜವೇ?

ಸಿಸ್ಟರ್ ಸುಮ:

ನಿಜ. ರಾತ್ರಿ ಓಡಾಡುವ ಹಾವು ಅದು. ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗುವುದಿಲ್ಲ, ನೋವು ಊತವೂ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುತ್ತದೆ. ಹಾಗಾದರೆ ಕಷಾಯ ಕುಡಿಸುತ್ತ ಕೂರದೆ ಕರೆತನ್ನಿ. ಅಮ್ಮನಿಗೆ ಮಂಚ ಹಾಕಿಕೊಡಿ. ಮಂಚ ಇಲ್ಲದಿದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಸುತ್ತಲೂ ಹಾಸಿಗೆಯ ಅಡಿಗೆ ಸೇರಿಸಿ. ರಾತ್ರಿ ಹೊರಗೆ ಹೋಗುವಾಗ ಕೈಯಲ್ಲಿ ಟಾರ್ಚ್ ಇರಲಿ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.