ಮಾಳಿಗೆ ಮನೆಯನ್ನು ಶಾಯಿಯಲ್ಲಿ ಬಿಡಿಸುವುದು ಹೇಗೆ?

ಗದಗಿನವನು: ಲಕ್ಕುಂಡಿಯಲ್ಲಿ ನಮ್ಮ ಅಜ್ಜಿಯ ಮನೆ ಇದೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಅಂದರೆ ಸಮತಟ್ಟು ಚಾವಣಿ, ಮುಂದೆ ಕಟ್ಟೆ, ಪಕ್ಕದಲ್ಲಿ ಮೇವಿನ ಬಣವೆ. ನಿಬ್ಬು, ಕಪ್ಪು ಶಾಯಿ ಹಿಡಿದು ಬಿಡಿಸಿದರೆ ಗೋಡೆ ಸಿಮೆಂಟಿನ ಹಾಗೆ ಕಾಣುತ್ತದೆ. ಏನು ಮಾಡಲಿ?

ಧಾರವಾಡದಿಂದ: ಮೊದಲು ಸ್ಕೇಲ್ ಬದಿಗಿಡಿ ರೀ. ಮಣ್ಣಿನ ಗೋಡೆಗೆ ನೇರ ಗೆರೆ ಎಲ್ಲಿರುತ್ತದೆ? ಗೋಡೆ ತುಂಬ ಗೆರೆ ಹಾಕಬೇಡಿ, ಮಳೆನೀರು ಇಳಿದ ಕಲೆ ಇರುವಲ್ಲಿ, ಜಂತಿಯ ಕೆಳಗೆ, ಬಾಗಿಲ ಒಳಗಿನ ಕತ್ತಲಲ್ಲಿ ಮಾತ್ರ ಅಡ್ಡಗೆರೆ ಒತ್ತಾಗಿ ಬರಲಿ, ಬಿಸಿಲು ಬಿದ್ದ ಕಡೆ ಹಾಳೆ ಸುಮ್ನೆ ಬಿಳಿಯಾಗೇ ಇರಲಿ.

ಹಾವೇರಿಯವಳು: ಆಮೇಲೆ ಗೆರೆಯ ಮೇಲೆ ನೀರು ಬೆರೆಸಿದ ಶಾಯಿ ಬಳಿಯುವುದಾದರೆ, ಗೆರೆ ಕದಡದ ಹಾಗೆ ವಾಟರ್‌ಪ್ರೂಫ್ ಇಂಡಿಯನ್ ಇಂಕ್ ತಗೊಳ್ಳಿ. ಅದನ್ನು ಫೌಂಟನ್ ಪೆನ್ನಿಗೆ ಹಾಕಬೇಡಿ, ಒಣಗಿ ಕಟ್ಟಿಕೊಳ್ಳುತ್ತದೆ. ನನ್ನದೊಂದು ಪೆನ್ನು ಹಾಗೇ ಹೋಯಿತು! ಅಂದ ಹಾಗೆ, ಮಾಳಿಗೆಯ ಮೇಲೆ ಬೆಳಕಿಂಡಿ ಇರುತ್ತದಲ್ವಾ?

ಗದಗಿನವನು: ಅಯ್ಯೋ, ಅದನ್ನೇ ಬಿಟ್ಟಿದ್ದೆ. ಭಾನುವಾರ ಮತ್ತೆ ಕೂರುತ್ತೇನೆ.